ಗಿರಾಕಿಗೆ ಹೊಗೆ ತಾಗಬಾರದು

ಹೋದ ವಾರ ಯರಗಟ್ಟಿಯಲ್ಲಿ ಬಸ್ಸು ಬದಲಿಸಲು ಇಳಿದವಳು ಸುಮ್ಮನೆ ಮುಂದಿನ ಬಸ್ಸಿಗೆ ಕಾಯಬೇಕಿತ್ತು. ಆಗಲಿಲ್ಲ. ನಿಲ್ದಾಣದ ಮುಂದೆ ಒಂದು ಮಿರ್ಚಿ ಗಾಡಿ ಇತ್ತು. ಸೀಳಿದ ಹಸಿಮೆಣಸಿನಕಾಯಿಗೆ ಕಾದ ಎಣ್ಣೆ ತಾಗಿದಾಗ ಏಳುವ ಘಾಟು ಸೀದಾ ಮೂಗಿಗೆ ಬಂತು. ಆ ವಾಸನೆಗೆ ಎಲ್ಲರ ಬಾಯಲ್ಲೂ ನೀರೂರುತ್ತದೆ, ನನಗೆ ಸಿಟ್ಟು ಬರುತ್ತದೆ. ಗಾಡಿಯ ಹಿಂದೆ ನಿಂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, ಕಣ್ಣು ಕಿರಿದು ಮಾಡಿಕೊಂಡು ಮಿರ್ಚಿ ತಿರುವುತ್ತಿದ್ದಳು. ಒಲೆಯ ಮುಂದೆ ತಗಡು, ಎಡಕ್ಕೆ ತಗಡು, ಬಲಕ್ಕೆ ತಗಡು, ಮೇಲೂ ತಗಡು. ತೆರೆದಿದ್ದದ್ದು ಒಂದೇ ಕಡೆ, ಅವಳು ನಿಂತ ಕಡೆ.

"ಈ ಗಾಡಿ ಎಲ್ಲಿ ಮಾಡ್ಸಿದ್ದವಾ?" ಎಂದು ಕೇಳಿದೆ.

"ಸವದತ್ತ್ಯಾಗ್ರಿ ಬಾಯಾರ. ಹಳೇ ಗಾಡಿ, ನಮ್ಮ ಮಾವ ಮಾಡಿಸಿದ್ದು. ಛಲೋ ಐತಲ್ರಿ?"

"ಏನ್ ಮಣ್ಣ ಛಲೋ ಅದ? ನಾಳೆನೇ ಹೋಗಿ ಆ ಮ್ಯಾಲಿನ ತಗಡ ಕೊಯ್ಸು ಮೊದ್ಲ!"

ತಿನ್ನುತ್ತಾ ನಿಂತವರು ನಕ್ಕರು. ಅವಳು ಪಾಪ, ಇದ್ಯಾವ ಹುಚ್ಚಿ ಬಸ್ಸಿಳಿದಳಪ್ಪ ಎನ್ನುವಂತೆ ನೋಡಿದಳು. ನನ್ನ ಚೀಲದಲ್ಲಿದ್ದ ಹಾಳೆಯ ಮೇಲೆ ಚಿತ್ರ ಬರೆದು ತೋರಿಸುವಷ್ಟರಲ್ಲಿ ಬಸ್ಸು ಬಂತು. ಹಾಳೆಯನ್ನು ಅವಳ ಕೈಗೆ ತುರುಕಿ ಹತ್ತಿದೆ.

ನಮ್ಮದು ಪೂಜೆ, ಪಂಚಾಂಗ, ಪಾಠ ಎಂದುಕೊಂಡು ಬಂದ ಮನೆ. ಮಾವನವರ ಕಾಲಕ್ಕೇ ಅದರಿಂದ ಹೊಟ್ಟೆ ತುಂಬುವುದು ನಿಂತಿತ್ತು. ಗಂಡ ಮದುವೆಮನೆಗಳ ಅಡುಗೆಗೆ ಹೋಗತೊಡಗಿದರು. ನಾನು ಬೈಲಹೊಂಗಲದ ಬಸ್ ನಿಲ್ದಾಣದ ಹೊರಗೆ ಗಿರಮಿಟ್ಟಿನ ಗಾಡಿ ಹಚ್ಚಿದೆ. ಚುರಮರಿಗೆ, ಎಂದರೆ ಮಂಡಕ್ಕಿಗೆ, ಹುಳಿಗೊಜ್ಜು, ಉಳ್ಳಾಗಡ್ಡಿ, ಪುಟಾಣಿ ಹಿಟ್ಟು ಹಾಕಿ ಕಲೆಸಿ ಕೊಡುವ ಕೆಲಸ. ಪಕ್ಕದ ಗಾಡಿ ರತ್ನವ್ವನದು, ಅವಳದು ಮಿರ್ಚಿ. ನನಗಿಂತ ನಾಲ್ಕು ವರ್ಷ ಚಿಕ್ಕವಳು. ಗಾಡಿಯ ಕಂಬಕ್ಕೆ ಬುದ್ಧನ ಒಂದು ಸಣ್ಣ ಫೋಟೋ ಕಟ್ಟಿಕೊಂಡಿದ್ದಳು. ಗಿರಮಿಟ್ಟು ತಿನ್ನುವವರಿಗೆ ಜೊತೆಗೆ ಮಿರ್ಚಿ ಬೇಕೇ ಬೇಕು, ಹಾಗಾಗಿ ನನ್ನ ಗಿರಾಕಿಗಳೆಲ್ಲ ಅವಳ ಗಿರಾಕಿಗಳು. ಆಚಾರರ ಮನೆಯ ಸೊಸೆ ಕೇರಿಯವರ ಗಾಡಿಗೆ ಗಾಡಿ ಹಚ್ಚಿ ನಿಂತಿದ್ದಾಳೆ ಎಂದು ನಮ್ಮ ಓಣಿಯಲ್ಲಿ ಮೂಗು ಮುರಿದವರುಂಟು. ಅವರೇ ಸಂಜೆ ನಾಲ್ಕಕ್ಕೆ ಕೈಚೀಲ ಹಿಡಿದು ಬಂದು, "ರತ್ನವ್ವ, ಬಿಸಿ ಬಿಸೀವು ಹತ್ತ ಕಟ್ಟವಾ" ಎನ್ನುತ್ತಿದ್ದರು. ಅವರ ಮಡಿಯ ಬಗ್ಗೆ ಬರೆಯಲು ಕುಳಿತರೆ ಈ ಬರಹ ಮುಗಿಯುವುದಿಲ್ಲ, ಬಿಟ್ಟುಬಿಡುತ್ತೇನೆ.

ನಾನು ಹೇಳುತ್ತಿರುವುದು ಎರಡು ವರ್ಷದ ಹಿಂದಿನ ಮಾತು. ಆ ವರ್ಷ ಆಷಾಢದಲ್ಲಿ ಮಳೆ ಬರೀ ಆಸೆ ತೋರಿಸಿತು, ಗಾಳಿ ಮಾತ್ರ ತನ್ನ ಪಾಲನ್ನೂ ಮಳೆಯ ಪಾಲನ್ನೂ ಸೇರಿಸಿ ಬೀಸಿತು. ಕಪ್ಪು ಎರಿ ಹೊಲಗಳ ಮೇಲಿಂದ ಎದ್ದು ಬಂದದ್ದು ಬೆಳಗಿನಿಂದ ಸಂಜೆತನಕ ನಿಲ್ಲುತ್ತಿರಲಿಲ್ಲ. ಚುರಮರಿಯ ಬುಟ್ಟಿಗೆ ದಪ್ಪ ಬಟ್ಟೆ ಹೊದಿಸಿ ಕಲ್ಲು ಇಡುತ್ತಿದ್ದೆ. ಒಂದು ಮುಷ್ಟಿ ತೆಗೆಯುವಷ್ಟರಲ್ಲಿ ಅರ್ಧ ಹಾರಿ ದೊಡವಾಡದ ಬಸ್ಸಿನ ಕೆಳಗೆ ಸೇರುತ್ತಿತ್ತು.

ಇಂಥ ಗಾಳಿಗೆ ಹೆದರಿಯೇ ನಮ್ಮ ಕಡೆ ಮಿರ್ಚಿ ಗಾಡಿಗಳಲ್ಲಿ ಒಲೆಯ ಸುತ್ತ ತಗಡಿನ ಗೂಡು ಕಟ್ಟಿಸುತ್ತಾರೆ. ಬಾಣಲೆ ಆ ಗೂಡಿನೊಳಗೆ ಕೂರುತ್ತದೆ. ಗಿರಾಕಿಗಳ ಕಡೆ ಮುಚ್ಚಿರುತ್ತದೆ, ಅಕ್ಕಪಕ್ಕ ಮುಚ್ಚಿರುತ್ತದೆ, ಮಳೆಹನಿ ಎಣ್ಣೆಗೆ ಬೀಳಬಾರದೆಂದು ಮೇಲೂ ಮುಚ್ಚಿರುತ್ತದೆ. ಕರಿಯುವವರು ಕೈ ಆಡಿಸಬೇಕಲ್ಲ, ಅವರ ಕಡೆ ಮಾತ್ರ ತೆರೆದಿರುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲಿ ಹೋದರೂ ಇದೇ ಗೂಡು. ಏಕೆಂದರೆ ಹೆಚ್ಚಿನವು ಸವದತ್ತಿಯ ಮೌಲಾಸಾಬರ ವೆಲ್ಡಿಂಗ್ ಅಂಗಡಿಯಲ್ಲಿ ಆದವು. ಗಾಡಿ ಮಾಡಿಸಲು ಹೋದವರೆಲ್ಲ ಅವರಿಗೆ ಹೇಳುತ್ತಿದ್ದುದು ಒಂದೇ ಮಾತು, ಗಿರಾಕಿಗೆ ಹೊಗೆ ತಾಗಬಾರದು.

ರತ್ನವ್ವನಿಗೆ ಕೆಮ್ಮು ಹೊಸದೇನಲ್ಲ. ಹನ್ನೊಂದು ವರ್ಷ ಮಿರ್ಚಿ ಕರಿದವಳು. ಮಿರ್ಚಿಯವರೆಂದ ಮೇಲೆ ಕೆಮ್ಮು ಇದ್ದದ್ದೇ ಎಂದು ಅವಳೂ ತಿಳಿದಿದ್ದಳು, ನಾವೂ ತಿಳಿದಿದ್ದೆವು. ಆ ಆಷಾಢದಲ್ಲಿ ಅದು ಬೇರೆ ರೂಪ ತಾಳಿತು. ಗಾಳಿ ತಗಡಿನ ಗೂಡಿಗೆ ಬಡಿದು, ಹೊಗೆಯನ್ನೆಲ್ಲ ಒತ್ತಿ ಅವಳ ಮುಖಕ್ಕೇ ತಂದು ಎರಚುತ್ತಿತ್ತು. ಒಮ್ಮೆ ಶುರುವಾದರೆ ಸೌಟು ಕೆಳಗಿಟ್ಟು, ಗಾಡಿಯ ಅಂಚು ಹಿಡಿದು ಬಗ್ಗಿಬಿಡುತ್ತಿದ್ದಳು. ಬಾಣಲೆಯಲ್ಲಿ ಮಿರ್ಚಿ ಕರ್ರಗಾಗುತ್ತಿತ್ತು. ನಾನು ಓಡಿ ಹೋಗಿ ತೆಗೆಯುತ್ತಿದ್ದೆ.

ಶ್ರಾವಣದ ಮೊದಲ ವಾರ ಹಟ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎದೆಗೆ ನಳಿಕೆ ಹಚ್ಚಿ ಬಹಳ ಹೊತ್ತು ಕೇಳಿದರು. ಒಂದು ಕೊಳವೆಯಲ್ಲಿ ಊದಿಸಿದರು. "ಬೀಡಿ ಸೇದೂ ಗಂಡಸರ ಎದಿ ಇದ್ದಂಗ ಆಗೇತಿ. ಇನ್ನ ನೀವು ಆ ಒಲಿ ಮುಂದ ನಿಂದ್ರಬಾರದು," ಎಂದರು.

ಹೊರಗೆ ಬಂದ ಮೇಲೆ ರತ್ನವ್ವ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. "ಒಲಿ ಬಿಡು ಅಂತಾರಲ್ರಿ ಅಕ್ಕಾರ. ಒಲಿ ಬಿಟ್ಟ ಮ್ಯಾಲ ನಾ ಯಾರು?" ಎಂದಳು. ಹೊಟ್ಟೆಗೇನು ಎಂದು ಕೇಳುತ್ತಾಳೆಂದು ನಾನು ಕಾದಿದ್ದೆ. ಅವಳು ಅದನ್ನು ಕೇಳಲೇ ಇಲ್ಲ. ಬೈಲಹೊಂಗಲದಲ್ಲಿ ಅವಳು ಮಿರ್ಚಿ ರತ್ನವ್ವ. ಬೇರೆ ಯಾವ ಹೆಸರಿನಿಂದ ಯಾರೂ ಅವಳನ್ನು ಮರ್ಯಾದೆಯಿಂದ ಕರೆದಿರಲಿಲ್ಲ. ಒಲೆಯೂ ಉಳಿಯಬೇಕು, ಉಸಿರೂ ಉಳಿಯಬೇಕು, ದಾರಿ ಕಾಣಲಿಲ್ಲ.

ನಿಲ್ದಾಣದ ಕಾಂಪೌಂಡ್ ಗೋಡೆಯ ಮರೆಯಲ್ಲಿ ಗಾಳಿ ಕಡಿಮೆ. ಅಲ್ಲಿಗೆ ಅವಳ ಗಾಡಿ ಸರಿಸಲು ಅನುಮತಿ ಕೊಡಿಸಿ ಎಂದು ಕೇಳಲು ನಮ್ಮ ಸಂಘದ ಅಧ್ಯಕ್ಷರ ಹತ್ತಿರ ಹೋದೆ. ಬೀದಿ ವ್ಯಾಪಾರಿಗಳ ಸಂಘಕ್ಕೆ ಅಧ್ಯಕ್ಷರು, ಆದರೆ ಅವರಿಗೆ ಗಾಡಿ ಇಲ್ಲ, ಹೋಟೆಲಿದೆ. ಇದು ಹೇಗೆ ಎಂದು ಕೇಳಬೇಡಿ, ನಾವೇ ಆರಿಸಿದ್ದು. ಚಹಾ ತರಿಸಿದರು. "ನೋಡೋಣ, ಮಾಡೋಣ" ಎಂದರು. ನನ್ನ ಚಮಚ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದೆ. ಕಲ್ಲಿನ ಮೇಜಿನ ಒಂದು ಗಿಡ್ಡ ಕಾಲಿನ ಕೆಳಗೆ ದಪ್ಪ ದಪ್ಪ ಕಾರ್ಡುಗಳನ್ನು ಮಡಚಿ ಇಟ್ಟಿದ್ದರು. ಮೇಲಿನದರ ಮೇಲೆ ಕನ್ನಡದಲ್ಲೇ ಅಚ್ಚಾಗಿತ್ತು: ಬೀದಿ ಬದಿ ಆಹಾರ ವ್ಯಾಪಾರಿಗಳಿಗೆ ಉಚಿತ ಪ್ರವೇಶ.

ಎಳೆದೆ. ಮೇಜು ವಾಲಿತು, ಅಧ್ಯಕ್ಷರ ಚಹಾ ಅವರ ಬಿಳಿ ಅಂಗಿಯ ಮೇಲೆ ಹೋಯಿತು.

"ಇವೇನ್ರಿ?" ಎಂದೆ.

"ಅಯ್ಯ, ಅವಾ? ವರ್ಷಾ ಕಳಸ್ತಾರ. ಬೆಳಗಾವ್ಯಾಗ ಹೋಟೆಲ್ಲಿನವ್ರದು, ಮಷಿನ್ ಕಂಪನ್ಯಾರದು ಒಂದು ಪ್ರದರ್ಶನ ಆಗತೈತಿ," ಎಂದು ಅಂಗಿ ಒರೆಸಿಕೊಂಡರು. "ನಿಮಗ ಅಲ್ಲೇನ ಕೆಲಸ ಐತ್ರಿ? ಎಲ್ಲಾ ಇಂಗ್ಲೀಷು. ಹೋಗಿ ಬಾಯಿ ತಕ್ಕೊಂಡ ನಿಂದ್ರೂದು. ಒಂದ ದಿನದ ಯಾಪಾರ ಹಾಳು."

"ನೀವು ಹೋಗೀರಿ?"

"ಎರಡ ಸರ್ತಿ ಹೋಗೇನಿ. ಈ ಹಿಟ್ಟ ನಾದೂ ಮಷಿನ್ ಅಲ್ಲೇ ನೋಡಿ ತಂದದ್ದು," ಎಂದು ಹೆಮ್ಮೆಯಿಂದ ಅಡುಗೆಮನೆಯ ಕಡೆ ಕೈ ತೋರಿಸಿದರು.

ಸಿಟ್ಟು ನೆತ್ತಿಗೇರಿತು ನನಗೆ. ನಮ್ಮ ಹೆಸರಲ್ಲಿ ಬಂದ ಪಾಸು! ಅವರು ಹೋಗಿ ನೋಡಿ ಬರಬಹುದು, ತಮ್ಮ ಅಡುಗೆಯವರ ತೋಳು ಉಳಿಸುವ ಯಂತ್ರ ತರಬಹುದು, ನಾವು ಹೋದರೆ ಬಾಯಿ ತೆಗೆದುಕೊಂಡು ನಿಲ್ಲುವವರು. ನಾಲ್ಕು ವರ್ಷದ ಪಾಸುಗಳು ಆ ಕಾಲಿನ ಕೆಳಗಿದ್ದವು. ಮೇಲಿನವು ಆ ವರ್ಷದವು, ಗಣೇಶ ಚೌತಿ ಕಳೆದ ಮೇಲಿನ ದಿನಾಂಕದವು. ಎಲ್ಲವನ್ನೂ ಕೈಚೀಲಕ್ಕೆ ಹಾಕಿಕೊಂಡೆ. ವಾಲಿದ ಮೇಜನ್ನು ಹಾಗೇ ಬಿಟ್ಟು ಬಂದೆ.

ಬೇರೆ ಗಾಡಿಯವರಿಗೂ ತೋರಿಸಿದೆ. "ನಮಗ್ಯಾಕ್ರಿ ಅದು" ಎಂದರು. ಅವರಿಗೂ ಬೈದೆ. ರತ್ನವ್ವನೂ ಮೊದಲು ಒಲ್ಲೆನೆಂದಳು.

"ಅಷ್ಟ ಮಂದ್ಯಾಗ ನಾ ಕೆಮ್ಮಿದ್ರ ಎಲ್ಲಾರೂ ನೋಡತಾರ್ರಿ ಅಕ್ಕಾರ."

"ನೋಡ್ಲಿ. ಕಣ್ಣ ಅದಾವ, ನೋಡ್ತಾರ. ಹೊಗಿ ಇಲ್ಲದ ಕರಿಯೂ ಒಲಿ ಏನರೆ ಸಿಗ್ತದೇನು ನೋಡಿ ಬರೋಣ, ನಡಿ."

ಬೆಳಗಾವಿಯಲ್ಲಿ ಬಾಗಿಲ ಬಳಿ ಕುಳಿತಿದ್ದ ಹುಡುಗಿ ಕಂಪನಿಯ ಹೆಸರು ಕೇಳಿದಳು. ರತ್ನವ್ವ ನನ್ನ ಮುಖ ನೋಡಿದಳು. "ರತ್ನವ್ವನ ಮಿರ್ಚಿ ಅಂತ ಬರೀರಿ," ಎಂದೆ. ಹುದ್ದೆ ಏನು ಎಂದಳು. "ಮಾಲಕರು. ಇಬ್ಬರೂ ಮಾಲಕರೇ." ಹುಡುಗಿ ನಗಲಿಲ್ಲ, ಹಾಗೆಯೇ ಬರೆದು ಕೊರಳಿಗೆ ಹಾಕಿಕೊಳ್ಳುವ ಚೀಟಿ ಕೊಟ್ಟಳು. ರತ್ನವ್ವ ಅದನ್ನು ಎರಡು ಸಲ ಓದಿ ಸೆರಗಿನೊಳಗೆ ಸೇರಿಸಿದಳು. ನಾನು ಹೊರಗೆ ತೆಗೆದು ಕಾಣುವಂತೆ ಹಾಕಿದೆ.

ಒಳಗೆ ಇಂಗ್ಲೀಷ್ ಇತ್ತು, ಸುಳ್ಳಲ್ಲ. ಅದಕ್ಕಿಂತ ಹೆಚ್ಚು ಕನ್ನಡವೂ ಮರಾಠಿಯೂ ಇದ್ದವು. ಒಬ್ಬ ಟೈ ಕಟ್ಟಿದವನು ದೊಡ್ಡ ಕರಿಯುವ ಯಂತ್ರದ ಮುಂದೆ ನಿಂತಿದ್ದ. ನಮ್ಮದು ಗಾಡಿ ಎಂದ ಕೂಡಲೇ ನಮ್ಮ ತಲೆಯ ಮೇಲಿಂದ ಹಿಂದಿನವರ ಜೊತೆ ಮಾತಾಡತೊಡಗಿದ. ಅವನನ್ನು ಬಿಟ್ಟರೆ ಉಳಿದವರು ಕೇಳಿದ್ದಕ್ಕೆ ಉತ್ತರ ಕೊಟ್ಟರು. ಚುರಮರಿ ಮೆತ್ತಗಾಗದಂತೆ ಇಡುವ ಡಬ್ಬಿ ನೋಡಿದೆ. ಎಣ್ಣೆ ಎಷ್ಟು ಕಾದಿದೆ ಎಂದು ಹೇಳುವ ಕಡ್ಡಿ ನೋಡಿದೆ. ನಾವು ಹಿಟ್ಟಿನ ಹನಿ ಬಿಟ್ಟು, ಅದು ಏಳುವುದನ್ನು ನೋಡಿ ಅಂದಾಜು ಮಾಡುವವರು. ಎಣ್ಣೆ ಸುಡುವ ಮೊದಲೇ ಉರಿ ಇಳಿಸಿದರೆ ಹೊಗೆ ಅರ್ಧ ಕಡಿಮೆ ಎಂದು ಆ ಕಡ್ಡಿಯವನು ಹೇಳಿದ. ಒಂದು ತಾಸಿನಲ್ಲಿ ಇಷ್ಟು ತಿಳಿಯಿತು. ನೋಡಿದಂತೆಲ್ಲ ಸಿಟ್ಟು ಹೆಚ್ಚಾಗುತ್ತಿತ್ತು. ಇಷ್ಟು ದಿನ ಇದೆಲ್ಲ ಎಲ್ಲಿತ್ತು? ನಮ್ಮೂರಿನಿಂದ ಎರಡು ತಾಸಿನ ದಾರಿಯಲ್ಲಿತ್ತು.

ಆದರೆ ರತ್ನವ್ವನಿಗೆ ಬೇಕಾದ ಒಲೆ ಸಿಗಲಿಲ್ಲ. ಇದ್ದವೆಲ್ಲ ಕರೆಂಟಿನವು, ಕಾರ್ಖಾನೆಯವು. ಒಂದು ಬೆಂಚಿನ ಮೇಲೆ ಕುಳಿತೆವು. ಅಲ್ಲಿ ಅವಳಿಗೆ ಕೆಮ್ಮು ಬಂತು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ತನ್ನ ನೀರಿನ ಬಾಟಲಿ ಕೊಟ್ಟು ಬೆನ್ನು ಸವರಿದಳು. ಅವಳೂ ಗಾಡಿಯವಳೇ, ನಿಪ್ಪಾಣಿಯಲ್ಲಿ ವಡಾಪಾವ್ ಮಾಡುವ ಶೈಲಾತಾಯಿ. ಪ್ರತಿ ವರ್ಷ ಬರುತ್ತಾಳಂತೆ. "ಮಿರ್ಚಿಯಾಕಿ ಏನು? ನಿನ್ನ ಗಾಡಿ ಫೋಟೋ ಐತಿ? ತೋರಸು" ಎಂದಳು. ನನ್ನ ಫೋನಿನಲ್ಲಿ ತೋರಿಸಿದೆ.

ಅವಳು ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. ಫೋನನ್ನು ಅಡ್ಡ ಹಿಡಿದು ಮತ್ತೆ ನೋಡಿದಳು.

"ಅಗಬಾಯಿ! ಇದರಾಗ ಹೊಗಿ ಹೊರಗ ಹೋಗೂದು ಎಲ್ಲಿಂದ? ನಿನ್ನ ಮೂಗಿನಿಂದ?"

ರತ್ನವ್ವ ನಕ್ಕಳು. ನಾನೂ ನಕ್ಕೆ.

"ಗಾಳಿಗೆ ಅಡ್ಡ ಕಟ್ಟೂದು ಉರಿ ಸಲುವಾಗಿ," ಎಂದು ಶೈಲಾತಾಯಿ ಯಾವುದೋ ಜಾಹೀರಾತಿನ ಹಿಂಬದಿಯಲ್ಲಿ ಗೀಟು ಎಳೆದಳು. "ಉರಿ ಬಾಣಲಿ ಕೆಳಗ ಇರತೈತಿ. ಸುತ್ತಲಿನ ತಗಡ ಅಲ್ಲೀತನಕ ಇರ್ಲಿ, ಸಾಕು. ಬಾಣಲಿ ಮ್ಯಾಲ ಯಾಕ? ಮ್ಯಾಲಿನ ತಗಡ ಮುಂದಕ್ಕ ಏರೂವಂಗ ಇಳಿಜಾರ ಮಾಡಿ, ಆ ತುದಿಗೆ ಒಂದ ಕೊಳವಿ ನಿಲ್ಲಸು, ಗಿರಾಕಿ ತಲಿಗಿಂತ ಎತ್ತರ. ಹೊಗಿ ನಿನಗೂ ಇಲ್ಲ, ಅವರಿಗೂ ಇಲ್ಲ. ನನಗೂ ಗೊತ್ತಿರಲಿಲ್ಲ ಮತ್ತ. ಮೂರ ವರ್ಷದ ಹಿಂದ ಇಲ್ಲೇ, ಸಾಂಗ್ಲಿ ಕಡಿ ಒಬ್ಬಾಂವ ನನ್ನ ಗಾಡಿ ನೋಡಿ ಬೈದು ಹೇಳಿದ."

ಮೂರು ವರ್ಷದ ಹಿಂದೆ. ಮೇಜಿನ ಕಾಲಿನ ಕೆಳಗಿದ್ದ ಪಾಸುಗಳಲ್ಲಿ ಎಲ್ಲಕ್ಕಿಂತ ಕೆಳಗಿನದು ಆ ವರ್ಷದ್ದು. ಆಗ ಬಂದಿದ್ದರೆ ಇದೇ ಬೆಂಚಿನ ಮೇಲೆ ರತ್ನವ್ವನ ಗಾಡಿಗೂ ಯಾರಾದರೂ ಬೈಯುತ್ತಿದ್ದರು. ಡಾಕ್ಟರ ನಳಿಕೆ ಬೇರೇನೋ ಹೇಳುತ್ತಿತ್ತು. ಬಸ್ಸಿನಲ್ಲಿ ಬರುವಾಗ ಅಧ್ಯಕ್ಷರಿಗೆ ಏನೇನು ಅನ್ನಬೇಕೆಂದು ಒಂದೊಂದೇ ಮಾತು ಜೋಡಿಸಿಕೊಂಡೆ.

ಮರುದಿನವೇ ಗಾಡಿಯ ತಗಡಿನ ಗೂಡನ್ನು ಬಿಚ್ಚಿ, ಟಂಟಂ ಆಟೋದ ಮೇಲೆ ಹೇರಿಕೊಂಡು ಇಬ್ಬರೂ ಸವದತ್ತಿಗೆ ಹೋದೆವು. ಮೌಲಾಸಾಬರು ಚಿತ್ರವನ್ನು ನೋಡಿ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಇಷ್ಟ?" ಎಂದರು. ಕೊಯ್ದು, ಬಗ್ಗಿಸಿ, ಕೊಳವೆ ಕೂರಿಸಲು ಅವರಿಗೆ ಒಂದು ತಾಸೂ ಹಿಡಿಯಲಿಲ್ಲ. ಹನ್ನೊಂದು ವರ್ಷದ ಕೆಮ್ಮಿಗೆ ಒಂದು ತಾಸಿನ ಕೆಲಸ.

ಸಿಟ್ಟು ತಡೆಯದೆ ಅವರ ಮೇಲೂ ಹರಿಹಾಯ್ದೆ. "ಇಷ್ಟು ವರ್ಷ ಗಾಡಿ ಮಾಡ್ತೀರಿ, ನಿಂತು ಕೆಲಸಾ ಮಾಡಾಕಿ ಕಡೆ ಹೊಗಿ ಬಿಡಬಾರದು ಅಂತ ತಿಳೀಲಿಲ್ಲೇನ್ರಿ ನಿಮಗ?"

ಅವರು ಸಿಟ್ಟಾಗಲಿಲ್ಲ. "ನಮ್ಮ ಅಬ್ಬಾನ ಕಾಲದಿಂದ ಇದ ಅಳತಿ ಐತ್ರಿ ಬಾಯಾರ. ಗಿರಾಕಿಗೆ ಹೊಗಿ ತಾಗಬಾರದು ಅಂತ ಬಂದವರೆಲ್ಲಾ ಅಂತಾರ. ನನಗ ತಾಗಬಾರದು ಅಂತ ಇವತ್ತೀತನಕ ಒಬ್ಬರೂ ಅಂದಿಲ್ರಿ." ಕೊಯ್ದು ಬಿದ್ದ ತಗಡಿನಲ್ಲಿ ಒಂದು ತುಂಡನ್ನು ಎತ್ತಿ ಹಿಡಿದರು. ಅದರ ಅಂಚಿಗೆ ಬೇರೆ ತಗಡು ಸೇರಿಸಿ ಬೆಸೆದ ಗುರುತಿತ್ತು. "ಈ ಎಡಗಡಿದು ಆಮ್ಯಾಲ ಎರಡ ಗೇಣ ಹೆಚ್ಚ ಮಾಡಿದ್ದು. ನೀವ ಬಂದ ಮಾಡಿಸಿದ್ರಿ. ನೆನಪೈತ್ರಿ?"

ನೆನಪಿತ್ತು. ಅವರು ಹೇಳುವವರೆಗೂ ಇರಲಿಲ್ಲ, ಹೇಳಿದ ಕೂಡಲೇ ಎಲ್ಲ ಬಂತು. ರತ್ನವ್ವ ಗಾಡಿ ಹಚ್ಚಿದ ಎರಡನೆಯ ವರ್ಷ. ಅವಳ ಎಡಕ್ಕೆ ನನ್ನ ಗಾಡಿ. ಗಾಳಿಗೆ ಅವಳ ಹೊಗೆ ನನ್ನ ಗಿರಾಕಿಗಳ ಮೇಲೆ ಹಾಯುತ್ತಿತ್ತು. ಯಾರೋ ಇಸ್ತ್ರಿ ಅಂಗಿಯವರು ಗೊಣಗಿದರು. "ನಿನ್ನ ಹೊಗಿ ನನ್ನ ಗಿರಾಕಿ ಓಡಸ್ಲಿಕ್ಕೆ ಹತ್ತದ. ತಗಡ ಉದ್ದ ಮಾಡಸು" ಎಂದು ಮೂರು ದಿನ ಜಗಳವಾಡಿ, ನಾನೇ ಮುಂದೆ ನಿಂತು ಇದೇ ಅಂಗಡಿಯಲ್ಲಿ ಮಾಡಿಸಿದ್ದೆ. ಮೂರು ಕಡೆಯಿಂದಲೂ ಸರಿಯಾಗಿ ಮುಚ್ಚಿ, ಹೊಗೆಯನ್ನು ಪೂರ್ತಿ ಅವಳಿಗೆ ಬಿಟ್ಟುಕೊಟ್ಟವಳು ನಾನು. ಅಧ್ಯಕ್ಷರಿಗೆಂದು ಜೋಡಿಸಿಕೊಂಡಿದ್ದ ಮಾತುಗಳೆಲ್ಲ ನನಗೂ ಸಲ್ಲುವಂಥವೇ. ಅವನ್ನು ಯಾರ ಮೇಲೆ ಆಡಲಿ?

"ಬಿಡ್ರಿ ಮೌಲಾಸಾಬ್ರ, ಹಳೇದ್ಯಾಕ ಈಗ," ಎಂದಳು ರತ್ನವ್ವ. ಅವಳಿಗೆ ಮೊದಲಿನಿಂದಲೂ ನೆನಪಿತ್ತು ಎಂದು ಆ ಒಂದು ಮಾತಿನಲ್ಲೇ ತಿಳಿಯಿತು.

ಹೊಸ ಗೂಡು ಹಚ್ಚಿದ ದಿನ ಹೊಗೆ ಕೊಳವೆಯೊಳಗೆ ಸರಸರ ಏರಿ ನಮ್ಮ ತಲೆಯ ಮೇಲೆ ಹಾರಿಹೋಯಿತು. ರತ್ನವ್ವ ರೂಢಿಯಂತೆ ಮೂಗಿಗೆ ಸೆರಗು ಒತ್ತಿಕೊಂಡೇ ಕರಿಯುತ್ತಿದ್ದಳು. "ತಗೀಯೆವ್ವಾ ಅದನ್ನ" ಎಂದು ನಾನೇ ಎಳೆದು ತೆಗೆದೆ. ಎಷ್ಟೋ ಗಿರಾಕಿಗಳು ಅವಳ ಮುಖವನ್ನು ಪೂರ್ತಿಯಾಗಿ ನೋಡಿದ್ದು ಅಂದು ಸಂಜೆಯೇ ಮೊದಲು. ಆದರೂ ಕೆಮ್ಮು ನಿಲ್ಲಲಿಲ್ಲ. ಮತ್ತೆ ಡಾಕ್ಟರ ಹತ್ತಿರ ಹೋದೆವು. ಕೊಳವೆಯಲ್ಲಿ ಮತ್ತೆ ಊದಿಸಿದರು. "ಹೊಗಿ ತಪ್ಪಿದ್ದು ಛಲೋ ಆತು. ಇನ್ನ ಹೆಚ್ಚಾಗೂದಿಲ್ಲ. ಆದ್ರ ಎದಿ ಕೆಟ್ಟದ್ದು ಹೊಳ್ಳಿ ಸರಿ ಆಗೂದಿಲ್ಲ," ಎಂದರು.

ದೀಪಾವಳಿಗೆ ಮೊದಲು ಸಂಘದ ಸಭೆ ಕೂಡಿತು. ಮಡಚಿ ಮುದ್ದೆಯಾಗಿದ್ದ ಪಾಸುಗಳನ್ನು ಎಲ್ಲರೆದುರು ಹರಡಿದೆ. ಏನೇನು ನಡೆಯಿತೆಂದು ಹೇಳಿದೆ. ತಗಡನ್ನು ಉದ್ದ ಮಾಡಿಸಿದವಳು ನಾನೇ ಎಂಬುದನ್ನೂ ಹೇಳಿದೆ, ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಅಧ್ಯಕ್ಷರು ಕುರ್ಚಿಗೆ ಒರಗಿ ನಕ್ಕರು.

"ಒಂದ ತಗಡ ಹೊಳ್ಳಸಾಕ ಬೆಳಗಾವಿಗೆ ಹೋಗಬೇಕಿತ್ತೇನ್ರಿ? ಇಲ್ಲೇ ಹೇಳಿದ್ರ ನಾನ ಹೇಳತಿದ್ದೆ."

ಕೆಲವರು ನಕ್ಕರು. ನಾನು ಬಾಯಿ ತೆರೆಯುವಷ್ಟರಲ್ಲಿ ರತ್ನವ್ವ ಎದ್ದು ನಿಂತಳು. ಸಭೆಯಲ್ಲಿ ಅವಳು ಎಂದೂ ಮಾತಾಡಿದವಳಲ್ಲ.

"ಅಧ್ಯಕ್ಷರ," ಎಂದಳು. ಉಸಿರು ತೆಗೆದುಕೊಂಡಳು. "ಹನ್ನೊಂದ ವರ್ಷ ನೀವು ನನ್ನ ಗಾಡಿ ಮುಂದ ನಿಂತು ಮಿರ್ಚಿ ತಿಂದೀರಿ." ಮತ್ತೆ ನಿಂತಳು. ಎಲ್ಲರೂ ಕಾದರು. "ನಾ ಕೆಮ್ಮೂದ ಕೇಳೀರಿ. ತಗಡ ಹೊಳ್ಳಸು ಅಂತ ನೀವೂ ಅನ್ನಲಿಲ್ಲ. ನನಗೂ ಹೊಳೀಲಿಲ್ಲ." ಗೋಡೆಗೆ ಕೈ ಊರಿಕೊಂಡಳು. "ಇಲ್ಲಿ ಎಲ್ಲಾರ ಗಾಡಿನೂ ಹಂಗ ಅದಾವು. ಹಂಗ ಇರಬೇಕು ಅಂತ ತಿಳ್ಕೊಂಡಿದ್ವಿ. ಬ್ಯಾರೇ ಗಾಡಿ ನೋಡಿದಾಕಿ ಒಬ್ಬಾಕಿ ಕೇಳಿದ್ಲು. ಆಕೀನ ಕಾಣಾಕ ಹೋಗಬೇಕಿತ್ರಿ."

ಯಾರೂ ನಗಲಿಲ್ಲ. ಅಷ್ಟು ಹೇಳಲು ಅವಳು ಎಷ್ಟು ಸಲ ನಿಂತಳೆಂಬುದನ್ನು ಎಲ್ಲರೂ ಕೇಳಿಸಿಕೊಂಡಿದ್ದರು. ಆ ತಿಂಗಳೊಳಗೆ ನಿಲ್ದಾಣದ ಮಿರ್ಚಿ ಗಾಡಿಗಳ ತಗಡುಗಳೆಲ್ಲ ಸವದತ್ತಿಗೆ ಹೋಗಿ ಬಂದವು. ಮುಂದಿನ ವರ್ಷ ಪ್ರದರ್ಶನಕ್ಕೆ ನಮ್ಮೂರಿನಿಂದ ಒಂದು ಬಸ್ಸಿನ ಅರ್ಧದಷ್ಟು ಗಾಡಿಯವರು ಹೋದೆವು. ಅಧ್ಯಕ್ಷರೂ ಬಂದರು, ಬಂದು ಎಲ್ಲರಿಗೂ ದಾರಿ ತೋರಿಸುವವರಂತೆ ಮುಂದೆ ಮುಂದೆ ನಡೆದರು. ಅವರ ಮೇಲಿನ ನನ್ನ ಸಿಟ್ಟು ಇನ್ನೂ ಹಾಗೇ ಇದೆ, ನನ್ನ ಮೇಲಿನದೂ ಇದೆ.

ಸಭೆಯಾದ ವರ್ಷವೇ, ಕಾರ್ತಿಕದ ಚಳಿ ಶುರುವಾದ ಮೇಲೆ ರತ್ನವ್ವನಿಗೆ ನಿಲ್ಲುವುದೇ ಆಗಲಿಲ್ಲ. ಈಗ ಆ ಗಾಡಿಯಲ್ಲಿ ಅವಳ ಸೊಸೆ ಸುಜಾತಾ ನಿಲ್ಲುತ್ತಾಳೆ. ರತ್ನವ್ವ ಮನೆಯಲ್ಲಿ ಕುಳಿತು ಮೆಣಸಿನಕಾಯಿ ಸೀಳಿ ಕಳಿಸುತ್ತಾಳೆ. ಒಂದು ಬುಟ್ಟಿ ಸೀಳುವಷ್ಟರಲ್ಲಿ ನಾಲ್ಕು ಸಲ ಚಾಕು ಕೆಳಗಿಟ್ಟು ಉಸಿರು ತೆಗೆದುಕೊಳ್ಳಬೇಕು. ನಾನು ಹೋದಾಗೆಲ್ಲ ಅವಳದು ಒಂದೇ ಪ್ರಶ್ನೆ.

"ಅಕ್ಕಾರ, ನಮ್ಮ ಸುಜಾತಾ ಕೆಮ್ಮತಾಳೇನ್ರಿ?"

"ಇಲ್ಲ ರತ್ನವ್ವ. ಒಂದ ದಿನಾನೂ ಕೆಮ್ಮಿಲ್ಲ."

ಅವಳು ನಗುತ್ತಾಳೆ. ಅಷ್ಟೇ ಸಾಕಂತೆ ಅವಳಿಗೆ. ನನಗೆ ಸಾಲದು.